ಗೂಬೆಬಾಗಿಲು

ಫ್ರೀಸ್‌ಲಾಂಡಿನ ಹಳೆಯ ಕೊಟ್ಟಿಗೆಗಳ ನೆತ್ತಿಯಲ್ಲಿ
ಜೋಡಿ ಹಂಸ ಕೆತ್ತಿದ ಮುಮ್ಮೂಲೆ ಹಲಗೆ,
ನಡುವೆ ಒಂದು ದುಂಡು ತೂತು.
ಗೂಬೆ ಹೋಗಿ ಬರಲಿಕ್ಕೆ.
ಮನೆ ಕಟ್ಟುವಾಗಲೇ ಬಿಟ್ಟ ಬಾಗಿಲು, ಅಗುಳಿಯಿಲ್ಲ.
ಇಲಿ ತಿನ್ನುವವರಿಗೆ ಬಾಡಿಗೆಯೂ ಇಲ್ಲ.

ಬೌಕ್ಯೆಗೆ ಎಪ್ಪತ್ತೊಂದು. ಮಂಡಿ ಸವೆದಿದೆ.
ಏಣಿ ಹತ್ತುವುದಿಲ್ಲವೆಂದು ವೈದ್ಯರಿಗೆ ಮಾತು ಕೊಟ್ಟವಳು
ಸೀಟ್ಸೆಯ ಕೊಟ್ಟಿಗೆಯ ಏಣಿಯನ್ನು
ಆ ಮಾತಿನ ಲೆಕ್ಕಕ್ಕೆ ಹಿಡಿದಿಲ್ಲ.
ಹನ್ನೆರಡು ಮೆಟ್ಟಿಲು, ಒಂದು ಮರದ ಪೆಟ್ಟಿಗೆ,
ಒಳಗೆ ಒದ್ದೆ ಸೌದೆಗೆ ಬೆಂಕಿ ಹತ್ತಿದ ಹಾಗೆ ಬುಸುಗುಟ್ಟುವ
ಬಿಳಿ ಮುಖಗಳು. ಮೇ ಕೊನೆಗೆ ಆರು.
ಜೂನ್ ಮೊದಲ ವಾರ ಐದು.
ಆಮೇಲೆ ನಾಲ್ಕು.
ಈ ವರ್ಷ ಹೊಲದಿಲಿ ಕಡಿಮೆ.
ಕಿರಿಯದು ಎಲ್ಲಿ ಹೋಯಿತೆಂದು
ಹಿರಿಯದರ ಹೊಟ್ಟೆಯನ್ನು ಕೇಳಬೇಕು.
ಅವಳು ಕೇಳಲಿಲ್ಲ, ಬರೆದುಕೊಂಡಳು.

ಅವಳಪ್ಪ ಕಾಲುವೆ ಹಾರುವ ಗಳು ಹಿಡಿದು
ಮಾರ್ಚಿಯ ಚಳಿಗಾಳಿಯಲ್ಲಿ
ವರ್ಷದ ಮೊದಲ ಟಿಟ್ಟಿಭದ ಮೊಟ್ಟೆ ಹುಡುಕುತ್ತಿದ್ದ,
ಟೊಪ್ಪಿಯೊಳಗಿಟ್ಟು ತಲೆಯ ಬಿಸಿಯಲ್ಲೇ ಊರಿಗೆ ತರುತ್ತಿದ್ದ.
ಅದೇ ಗಳು ಅರ್ಧಕ್ಕೆ ಕೊಯ್ದು ಈಗ ಅವಳ ಊರುಗೋಲು.
ಈಗ ಮೊಟ್ಟೆ ಎತ್ತುವಂತಿಲ್ಲ. ಗೂಡಿನ ಆಚೀಚೆ
ಎರಡು ಬಿದಿರುಕಡ್ಡಿ ನೆಟ್ಟು, ಹಿಂದಿರುಗಿ ನೋಡದೆ ಬರಬೇಕು.
ನೀನು ನೋಡಿದರೆ ಕಾಗೆಯೂ ನೋಡುತ್ತದೆ.

ಟಿಟ್ಟಿಭದ ನಂತರ ಗ್ರುಟೊ. ಉದ್ದ ಕೊಕ್ಕು, ತುಕ್ಕುಬಣ್ಣದ ಕತ್ತು.
ಆಫ್ರಿಕದ ಭತ್ತದ ಗದ್ದೆಗಳಿಂದ ಬಂದಿಳಿದು
ತನ್ನ ಹೆಸರನ್ನು ತಾನೇ ಕೂಗಿಕೊಳ್ಳುತ್ತದೆ, ಗ್ರುಟೊ, ಗ್ರುಟೊ,
ಮೇಷ್ಟ್ರು ಬರುವ ಮೊದಲೇ ಹಾಜರಿ ಹೇಳುವ ಹುಡುಗನ ಹಾಗೆ.

"ಹುಲ್ಲು ಕಾಯುವುದಿಲ್ಲ, ಬೌಕ್ಯೆ. ನಾಳಿದ್ದು ಮಳೆ."
ಸೀಟ್ಸೆಗೆ ನೂರಾ ಇಪ್ಪತ್ತು ಹಸು, ಒಂದೇ ಯಂತ್ರ.
"ಕಡ್ಡಿ ಇದ್ದಲ್ಲಿ ಸುತ್ತು ಹಾಕಿ ಹೋಗುತ್ತೇನೆ, ನೀನು ಮಲಗು."
ಒಳ್ಳೆಯವನು. ಸುತ್ತು ಹಾಕಿಯೂ ಹಾಕಿದ.
ಆದರೆ ಕಡ್ಡಿ ಇರುವುದು ಮೊಟ್ಟೆಗೆ;
ಒಡೆದು ಹೊರಬಂದು, ಎರಡನೇ ದಿನಕ್ಕೇ ನಡೆದುಹೋಗುವ
ಮರಿಗೆ ಯಾರು ಕಡ್ಡಿ ನೆಡುತ್ತಾರೆ?
ಅವ್ವ ಕಿರುಚಿದರೆ ಅದು ಓಡುವುದಿಲ್ಲ, ಅಲ್ಲೇ ಅವುಚಿ ಕೂರುತ್ತದೆ.
ನರಿಯ ಎದುರು ಅದು ಜಾಣತನ.

ರಾತ್ರಿ ಹನ್ನೊಂದಕ್ಕೆ ಕಿಟಕಿಯಿಂದ ಕಂಡದ್ದು:
ಎರಡು ದೀಪ ಹೊಲ ಉದ್ದಕ್ಕೂ ಹೋಗಿ ತಿರುಗುವುದು,
ದೀಪದ ಅಂಚಿನಲ್ಲಿ ಒಂದು ಬಿಳುಪು
ಸದ್ದಿಲ್ಲದೆ ತೇಲುವುದು, ಬೀಳುವುದು, ಏಳುವುದು.
ಹುಲ್ಲು ಹೋದರೆ ಇಲಿಗೆ ಮರೆ ಹೋಯಿತು.
ತಿನ್ನು, ತಾಯಿ, ತಿನ್ನಿಸು ಎಂದುಕೊಂಡಳು ಬೌಕ್ಯೆ,
ಆ ಹೊತ್ತಿಗೆ ಅವಳಿಗೆ ನೆನಪಿದ್ದದ್ದು ನಾಲ್ಕು ಬಾಯಿ ಮಾತ್ರ.

ಹತ್ತು ದಿನ ಕಳೆದು, ಅಡುಗೆಮನೆ ಮೇಜಿನ ಮೇಲೆ
ಹಳೆಯ ಪತ್ರಿಕೆ ಹಾಸಿ, ಹೆಣಿಗೆಸೂಜಿಯಿಂದ
ಗೂಬೆ ಉಗುಳಿದ ಕರಿಯ ಉಂಡೆಗಳನ್ನು ಬಿಡಿಸುತ್ತಾಳೆ.
ಇಲಿಯ ದವಡೆ, ಇಲಿಯ ದವಡೆ,
ಕೆಂಪು ತುದಿಯ ಹಲ್ಲಿನ ಮೂಗಿಲಿ,
ಮತ್ತೆ ದವಡೆ. ಆಮೇಲೆ
ಸೂಜಿಗೆ ತಾಗಿ ಟಿಕ್ ಎಂದದ್ದು ಮೂಳೆಯಲ್ಲ.
ಹಸಿರು ಪ್ಲಾಸ್ಟಿಕ್ ಪಟ್ಟಿ, ಮೇಲೆ ಮೂರು ಅಕ್ಷರ.
ವಿಶ್ವವಿದ್ಯಾಲಯದ ನೈಂಕೆ ಮೊಣಕಾಲೂರಿ ಅದನ್ನು ತೊಡಿಸುವಾಗ
ಮರಿಯನ್ನು ಅಂಗೈಯಲ್ಲಿ ಹಿಡಿದು ಕೊಟ್ಟವಳು
ಬೌಕ್ಯೆಯೇ.
ಭಾರವೇ ಇರಲಿಲ್ಲ. ಎದೆಬಡಿತ ಮಾತ್ರ ಇತ್ತು.

ಯಂತ್ರ ಮರೆ ಕಿತ್ತಿತು, ಗೂಬೆ ಎತ್ತಿತು,
ಹಸು ಹುಲ್ಲು ತಿಂದಿತು, ಆ ಹಾಲು
ಈ ಕಾಫಿಯಲ್ಲಿದೆ.
ಯಾರ ತಲೆಯ ಮೇಲೆ ಗೂಬೆ ಕೂರಿಸುವುದು?
ಗೂಬೆ ತನ್ನ ಪಾಡಿಗೆ ಮಾಡಿನ ತೊಲೆಯ ಮೇಲೆ ಕೂತಿದೆ.
ಕಾಫಿ ಆರಿತು. ಅವಳು ಕುಡಿದಳು, ಚೆಲ್ಲುವುದು ಅಭ್ಯಾಸವಿಲ್ಲ.

"ಎಷ್ಟು ಉಳಿದವು?" ಬಾಗಿಲಲ್ಲಿ ಸೀಟ್ಸೆ,
ಬೂಟಿನ ತುಂಬ ಸಗಣಿ, ಒಳಗೆ ಬರಲೊಲ್ಲ.
"ನಾಲ್ಕೂ ಹಾರಿದವು."
ಮುಖ ಅರಳಿತು ಅವನದು.
ಬರುವ ವರ್ಷ ಹಂಸಗಳಿಗೆ ಬಣ್ಣ ಬಳಿಸುತ್ತೇನೆ ಎಂದ.
ಹಸಿರು ಪಟ್ಟಿ ಅವಳ ಮುಚ್ಚಿದ ಮುಷ್ಟಿಯಲ್ಲಿತ್ತು.
ತೋರಿಸಬೇಕು. ಇವತ್ತಲ್ಲ.

ಹೊರಗೆ ನುಣ್ಣಗೆ ಕೊಯ್ದ ಹೊಲದ ಬೇಲಿಗೂಟದ ಮೇಲೆ
ಗ್ರುಟೊ ಇನ್ನೂ ಹೆಸರು ಕೂಗುತ್ತಿತ್ತು,
ತನ್ನದೋ, ಮರಿಯದೋ.
ಇಬ್ಬರದೂ ಒಂದೇ ಹೆಸರು.